ಹವ್ಯಾಸಿಗೂ ಕಂಪನಿಗೂ ಪಂದ್ಯವೆ?

ಬನದ ಹುಣ್ಣಿಮೆಯ ಹೊತ್ತಿಗೆ ಬಾದಾಮಿಯಿಂದ ಚೊಳಚಗುಡ್ಡದ ಹಾದಿ ಹಿಡಿದವರಿಗೆ ಬನಶಂಕರಿಯ ತೇರು ಕಾಣುವುದಕ್ಕಿಂತ ಮೊದಲೇ ನಾಟಕ ಕಂಪನಿಗಳ ಧ್ವನಿವರ್ಧಕ ಕೇಳಿಸುತ್ತದೆ. ತೇರು ಎಳೆಯುವುದು ಒಂದು ದಿನ. ಜಾತ್ರೆ ನಡೆಯುವುದು ಹತ್ತಿರ ಹತ್ತಿರ ಒಂದು ತಿಂಗಳು. ಆ ತಿಂಗಳುದ್ದಕ್ಕೂ ತಗಡು-ತಟ್ಟಿಯ ಥಿಯೇಟರುಗಳು ಒಂದರ ಪಕ್ಕಕ್ಕೊಂದು ನಿಂತಿರುತ್ತವೆ. ಒಂದು ರಾತ್ರಿಗೆ ಒಂದು ಆಟವೆಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಮೊದಲ ಆಟದ ಜನ ಹೊರಬೀಳುವ ಮುನ್ನವೇ ಎರಡನೆಯ ಆಟದ ಜನ ಬಾಗಿಲಲ್ಲಿ ನೂಕಾಡುತ್ತಿರುತ್ತಾರೆ. ರೊಟ್ಟಿಯ ಬುತ್ತಿ ಕಟ್ಟಿಕೊಂಡು ಬಂದ ಒಕ್ಕಲು ಮಕ್ಕಳು ದೇವಿಗೆ ಕಾಯಿ ಒಡೆಸಿ, ಹರಿದ್ರಾತೀರ್ಥದ ದಂಡೆಯಲ್ಲಿ ಬುತ್ತಿ ಬಿಚ್ಚಿ, ಬೆಳಗಿನವರೆಗೆ ನಾಟಕ ನೋಡಿ ಊರಿಗೆ ಮರಳುತ್ತಾರೆ. ಬನಶಂಕರಿಯಲ್ಲಿ ಗಲ್ಲೆ ತುಂಬಿದರೆ ಕಂಪನಿಯ ಸಾಲ ತೀರಿತು. ತುಂಬದಿದ್ದರೆ ಮುಂದಿನ ಮುಕ್ಕಾಮಿಗೆ ಸಾಮಾನು ಸಾಗಿಸುವುದೂ ಕಷ್ಟ.

ಇದು ಒಂದು ಬಗೆಯ ನಾಟಕ. ನಮ್ಮ ಕಡೆಯಲ್ಲಿ ಇದನ್ನು ಧಂದೆಯ ನಾಟಕ ಎನ್ನುತ್ತಾರೆ. ಪುಸ್ತಕದ ಮಾತಿನಲ್ಲಿ ವೃತ್ತಿ ರಂಗಭೂಮಿ.

ಇನ್ನೊಂದು ಬಗೆಯೂ ಉಂಟು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯಲ್ಲಿ ಊರ ಜಾತ್ರೆಗೆ ಊರಿನವರೇ ಆಡುವ ನಾಟಕವಿಲ್ಲದ ಹಳ್ಳಿ ಸಿಗುವುದು ಕಷ್ಟ. ಹಗಲೆಲ್ಲ ಮಗ್ಗದ ಮುಂದೆ, ಹೊಲದಲ್ಲಿ, ಅಂಗಡಿಯಲ್ಲಿ ದುಡಿದ ಹುಡುಗರು ರಾತ್ರಿ ಉಂಡ ಮೇಲೆ ಗುಡಿಯ ಕಟ್ಟೆಯ ಮೇಲೆ ಕೂಡುತ್ತಾರೆ. ಪೇಟಿ ಮಾಸ್ತರರು ಬರುತ್ತಾರೆ. ಎರಡು ತಿಂಗಳು ತಾಲೀಮು. ಪಾತ್ರಕ್ಕೆ ಇಷ್ಟೆಂದು ಪಟ್ಟಿ ಹಾಕಿಕೊಂಡು ರೊಕ್ಕ ಕೂಡಿಸುತ್ತಾರೆ. ನಾಯಕನ ಪಾರ್ಟು ಬೇಕಾದವನು ನಾಲ್ಕು ಕಾಸು ಹೆಚ್ಚಿಗೆ ಕೊಡುತ್ತಾನೆ. ನಾಟಕ ಆಗುವುದು ಒಂದೇ ರಾತ್ರಿ. ಬೀಗರು-ಬಿಜ್ಜರು ಬಂದು ನಟ್ಟನಡುವೆ ಆಟ ನಿಲ್ಲಿಸಿ ಆಯೇರಿ ಮಾಡಿ ಹೆಸರು ಕೂಗಿಸುತ್ತಾರೆ. ಬೆಳಗಾದರೆ ಬಣ್ಣ ಒರೆಸಿಕೊಂಡು ಮತ್ತೆ ಮಗ್ಗಕ್ಕೆ, ಮತ್ತೆ ಹೊಲಕ್ಕೆ. ಇವರು ಹವ್ಯಾಸಿಗಳು.

ಈ ಇಬ್ಬರನ್ನೂ ಒಂದೇ ಕಣದಲ್ಲಿ ನಿಲ್ಲಿಸಿ, ಒಂದೇ ತಕ್ಕಡಿಯಲ್ಲಿ ತೂಗಿ, ಒಬ್ಬನಿಗೆ ಮೊದಲನೆಯ ಬಹುಮಾನ, ಇನ್ನೊಬ್ಬನಿಗೆ ಸಮಾಧಾನದ ಬಹುಮಾನ ಕೊಡುವುದು ಸರಿಯೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನೇ ಕೊಟ್ಟ ಒಂದು ತೀರ್ಪಿನಿಂದ ಬಂದದ್ದು.

ಕೆಲವು ವರ್ಷಗಳ ಹಿಂದೆ ಹುನಗುಂದ ತಾಲೂಕಿನ ಒಂದು ಊರಿನಲ್ಲಿ ಜಾತ್ರೆಯ ನಿಮಿತ್ತ ನಾಟಕಗಳ ಸ್ಪರ್ಧೆ ಇಟ್ಟಿದ್ದರು. ಮೂವರು ಪರೀಕ್ಷಕರಲ್ಲಿ ನಾನೂ ಒಬ್ಬ. ಕೊನೆಗೆ ನಮ್ಮ ಕಣ್ಣ ಮುಂದೆ ಉಳಿದದ್ದು ಎರಡು ನಾಟಕ. ಮೊದಲನೆಯದರಲ್ಲಿ ದರ್ಬಾರು, ಬೀದಿ, ಅಡವಿ ಎಂದು ಬಾಡಿಗೆಯ ಪರದೆಗಳು ಸರಸರನೆ ಇಳಿದವು, ಏರಿದವು. ದೀಪದ ವ್ಯವಸ್ಥೆಯೂ ಬಾಡಿಗೆಯದೇ. ಸ್ತ್ರೀ ಪಾತ್ರ ಮಾಡಿದ ಇಬ್ಬರೂ ಕಂಪನಿಯಲ್ಲಿ ವರ್ಷಗಟ್ಟಲೆ ಪಳಗಿದ ಕಲಾವಿದೆಯರು. ಖಳನಾಯಕನೂ ಹಿಂದೆ ಒಂದು ಕಂಪನಿಯಲ್ಲಿದ್ದು ಬಂದವನೆಂದು ಆಮೇಲೆ ತಿಳಿಯಿತು. ಎರಡನೆಯ ನಾಟಕದ ಪರದೆಯನ್ನು ಆ ಊರ ಸಾಲೆಯ ಚಿತ್ರಕಲಾ ಮಾಸ್ತರರು ಹಳೆಯ ಹಚ್ಚಡ ಹೊಲಿಸಿ ತಾವೇ ಬರೆದಿದ್ದರು. ನಾಯಕಿಯ ಪಾತ್ರಕ್ಕೆ ಆ ಊರ ಅಂಗನವಾಡಿಯ ಶಿಕ್ಷಕಿ ನಿಂತಿದ್ದಳು. ಆ ಊರಿನ ಹೆಣ್ಣುಮಗಳೊಬ್ಬಳು ಬಣ್ಣ ಹಚ್ಚಿದ್ದು ಅದೇ ಮೊದಲು. ತಾಯಿಯ ಪಾತ್ರವನ್ನು ನೇಕಾರರ ಹುಡುಗನೊಬ್ಬ ತನ್ನ ಅವ್ವನ ಸೀರೆಯುಟ್ಟು ಮಾಡಿದ. ನಡುವೆ ಒಮ್ಮೆ ಮಾತು ಮರೆಯಿತು, ಒಮ್ಮೆ ಪರದೆ ಸಿಕ್ಕಿಕೊಂಡಿತು.

ನಾವು ಮೊದಲನೆಯ ನಾಟಕಕ್ಕೆ ಮೊದಲನೆಯ ಬಹುಮಾನ ಕೊಟ್ಟೆವು. ಕಂಡದ್ದನ್ನು ಕಂಡಂತೆ ತೂಗಿದೆವು. ಶ್ರೇಷ್ಠ ನಟಿಯ ಪದಕವೂ ಹಾಗೆಯೇ ಕಂಪನಿಯ ಕಲಾವಿದೆಗೆ ಹೋಯಿತು.

ಮಂಟಪದಿಂದ ಇಳಿಯುವಾಗ ಆ ನೇಕಾರರ ಹುಡುಗ ಹತ್ತಿರ ಬಂದ. ಮುಖದ ಬಣ್ಣ ಇನ್ನೂ ಪೂರ್ತಿ ಹೋಗಿರಲಿಲ್ಲ. ಸಿಟ್ಟಿನಿಂದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ: “ಸರ, ನೀವು ಮಾರ್ಕ್ಸ್ ಹಾಕಿದ್ದು ಅವರು ಮಾಡಿದ್ದಕ್ಕೋ, ಅವರು ತಂದದ್ದಕ್ಕೋ?”

ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಪದಕ ಪಡೆದ ಆ ಕಲಾವಿದೆ ಭೆಟ್ಟಿಯಾದರು. ರಾತ್ರಿಯ ಮಾತನ್ನು ಅವರೂ ಕೇಳಿಸಿಕೊಂಡಿದ್ದರು. “ಆ ಹುಡುಗಿ ಛಲೋ ಮಾಡಿದ್ಲರಿ ಸರ. ಆಕಿಗೆ ಕೊಟ್ಟಿದ್ರ ನನಗೇನ ಬ್ಯಾಸರ ಆಗತಿದ್ದಿಲ್ಲ. ಆದ್ರ ನಾಳೆ ನೀವು ಹಿರ್ಯಾರು ಕೂಡಿ, ಹೊರಗಿನ ಕಲಾವಿದ್ರನ್ನ ಕರಸಬ್ಯಾಡ್ರಿ ಅಂತ ಕಾಯ್ದೆ ಮಾಡಿದ್ರ, ನನ್ನ ಮಕ್ಕಳ ಸಾಲಿ ಫೀ ಯಾರು ಕಟ್ಟತಾರ್ರಿ?” ಎಂದರು.

ಹುಡುಗನ ಮಾತೂ ನಿಜ. ಆ ತಾಯಿಯ ಮಾತೂ ನಿಜ. ಈ ಎರಡು ನಿಜಗಳಿಗೂ ಸಲ್ಲುವಂಥ ದಾರಿ ಯಾವುದೆಂಬುದನ್ನು ಈಗ ನೋಡೋಣ.

ಮೊದಲು ಒಂದು ಮಾತು. ಹವ್ಯಾಸಿ ಬೇರೆ, ಧಂದೆಯವನು ಬೇರೆ ಎಂಬ ಗೆರೆ ಬ್ರಹ್ಮ ಬರೆದದ್ದಲ್ಲ. ಕನ್ನಡ ನಾಡಿನ ಈ ಭಾಗದಲ್ಲಿ ಕಂಪನಿ ನಾಟಕಕ್ಕೆ ಬುನಾದಿ ಹಾಕಿದವರು ಯಾರು? ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು. 1856ರಲ್ಲಿ ಹುಟ್ಟಿದ ಅವರು ಸಾಲೆಯ ಮಾಸ್ತರರಾಗಿದ್ದರು. ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು 1843ರಲ್ಲಿ ಆಡಿಸಿದ ‘ಸೀತಾಸ್ವಯಂವರ’ದಿಂದ ಮರಾಠಿ ನಾಟಕ ಬೆಳೆದು, ಆ ಮಂಡಳಿಗಳು ನಮ್ಮ ಊರುಗಳಲ್ಲಿ ಮುಕ್ಕಾಮು ಮಾಡುತ್ತಿದ್ದ ಕಾಲ. ಕನ್ನಡದಲ್ಲಿಯೂ ಇದಾಗಬೇಕೆಂಬ ಒಂದೇ ಛಲದಿಂದ ಶಾಂತಕವಿಗಳು 1870ರ ದಶಕದಲ್ಲಿ ಗದಗಿನಲ್ಲಿ ವೀರನಾರಾಯಣನ ಹೆಸರಿನಲ್ಲಿ ಮಂಡಳಿ ಕಟ್ಟಿದರು. ಅದನ್ನು ಧಂದೆ ಎನ್ನಬೇಕೋ ಹವ್ಯಾಸ ಎನ್ನಬೇಕೋ? ಮಾಸ್ತರರ ಹವ್ಯಾಸವೇ ಮುಂದೆ ನೂರಾರು ಜನರ ಧಂದೆಯಾಯಿತು.

ನಮ್ಮ ಬೀಳಗಿಯಲ್ಲಿ ಹುಟ್ಟಿದ ಗೋಹರಬಾಯಿ, ಅಮೀರಬಾಯಿ ಸೋದರಿಯರು ಕರ್ನಾಟಕಿ ಎಂಬ ಹೆಸರಿನಿಂದಲೇ ಮರಾಠಿ ರಂಗಭೂಮಿ, ಹಿಂದಿ ಚಿತ್ರಗಳವರೆಗೆ ಹೋದರು. ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರು ಹುಡುಗನಾಗಿ ಸ್ತ್ರೀ ಪಾತ್ರಗಳಿಂದ ತೊಡಗಿ, ತಮ್ಮದೇ ಕಲಾವೈಭವ ನಾಟ್ಯಸಂಘ ಕಟ್ಟಿ, ‘ಜಗಜ್ಯೋತಿ ಬಸವೇಶ್ವರ’ದಿಂದ ಮನೆಮಾತಾಗಿ, 2017ರಲ್ಲಿ ತೀರಿಕೊಳ್ಳುವಾಗ ನೂರು ವರ್ಷ ದಾಟಿದ್ದರು. ಇದೇ ಹುನಗುಂದದ ಸೀಮೆಯ ಕಮತಗಿಯಿಂದ ಹುಚ್ಚೇಶ್ವರ ನಾಟ್ಯಸಂಘ ಹೊರಟಿತು. ಹಳ್ಳಿಯ ಕಟ್ಟೆಯೇ ಕಂಪನಿಗೆ ಆಳು ಕೊಟ್ಟಿದೆ. ಕಂಪನಿಯ ಪಾಠವೇ ಹಳ್ಳಿಯ ಕಟ್ಟೆಗೆ ಮರಳಿ ಬಂದಿದೆ.

ಹಾಗಾದರೆ ಹವ್ಯಾಸಿ ಎಂಬ ಬೇರೆ ಪಂಗಡ ಏಕೆ ಹುಟ್ಟಿತು? 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಾಮ್ಯಾಟಿಕ್ ಅಸೋಸಿಯೇಷನ್ ಕಟ್ಟಿದವರಾಗಲಿ, ಆಮೇಲೆ ಬಂದ ಕೈಲಾಸಂ ಅವರಾಗಲಿ, ಧಾರವಾಡದಲ್ಲಿದ್ದು ನಾಟಕ ಬರೆದ ನಮ್ಮ ವಿಜಾಪುರ ಜಿಲ್ಲೆಯ ಅಗರಖೇಡದ ಶ್ರೀರಂಗರಾಗಲಿ, ಕಂಪನಿಗಿಂತ ದೊಡ್ಡ ದರ್ಬಾರು ತೋರಿಸಬೇಕೆಂದು ಹೊರಟವರಲ್ಲ. ಕಂಪನಿ ಆಡಲಾರದ ಮಾತನ್ನು ಆಡಬೇಕೆಂದು ಹೊರಟವರು. ಕಂಪನಿಯ ಮಾಲಕನ ಬೆನ್ನಿಗೆ ಐವತ್ತು ಹೊಟ್ಟೆಗಳಿರುತ್ತವೆ. ನಾಳೆ ಗೇಟಿನಲ್ಲಿ ರೊಕ್ಕ ಬೀಳದಿದ್ದರೆ ಭಟ್ಟಿಯ ಒಲೆ ಹೊತ್ತುವುದಿಲ್ಲ. ಆದುದರಿಂದ ಜನ ಮೆಚ್ಚಿದ್ದನ್ನೇ ಆತ ಮತ್ತೆ ಮತ್ತೆ ಕೊಡಬೇಕು. ಹವ್ಯಾಸಿಗೆ ಆ ಭಯವಿಲ್ಲ. ಆತನ ಅನ್ನ ಮಗ್ಗದಲ್ಲಿದೆ, ಹೊಲದಲ್ಲಿದೆ. ನಾಟಕ ಬಿದ್ದರೆ ಬೀಳುವುದು ಆತನ ಮರ್ಯಾದೆ ಮಾತ್ರ. ಅದೂ ಎಂಟು ದಿನಕ್ಕೆ ಎದ್ದು ನಿಲ್ಲುತ್ತದೆ. ಸೋಲಲು ಹೆದರಬೇಕಾಗಿಲ್ಲವೆಂಬುದೇ ಹವ್ಯಾಸಿಯ ಬಂಡವಾಳ.

ಕಂಪನಿಯ ನಟನ ಬಂಡವಾಳ ಬೇರೆ. ಒಂದೇ ಪಾತ್ರವನ್ನು ಆತ ನೂರಾರು ರಾತ್ರಿ ಮಾಡಿರುತ್ತಾನೆ. ನಗೆ ಎಲ್ಲಿ ಏಳುತ್ತದೆ, ಎಷ್ಟು ಹೊತ್ತು ತಡೆದು ಮುಂದಿನ ಮಾತು ಆಡಬೇಕು, ಎದುರಿನವನು ಮಾತು ಮರೆತರೆ ಹೇಗೆ ಸಾವರಿಸಬೇಕು ಎಂಬುದೆಲ್ಲ ಆತನ ಮೈಗೆ ಗೊತ್ತು. ನೆಲದ ಮೇಲೆ ಕೂತ ಕೊನೆಯ ಸಾಲಿನ ಮುದುಕಿಗೂ ಮಾತು ಮುಟ್ಟಿಸುವ ಕಂಠ ಎರಡು ತಿಂಗಳ ತಾಲೀಮಿನಿಂದ ಬರುವುದಿಲ್ಲ. ಅಚ್ಚುಕಟ್ಟುತನವನ್ನೇ ಅಳತೆಗೋಲಾಗಿ ಇಟ್ಟರೆ ಹವ್ಯಾಸಿ ಪ್ರತಿಸಲವೂ ಸೋಲುತ್ತಾನೆ. ಸೋಲಬೇಕಾದ್ದೂ ನ್ಯಾಯವೇ. ಹಾಗೆ ಸೋಲದಿದ್ದರೆ ಕಂಪನಿಯವನ ನೂರು ರಾತ್ರಿಗಳಿಗೆ ಬೆಲೆಯೇನು ಬಂತು?

ಆದರೆ ಸೋಲಬಾರದೆಂದು ಹವ್ಯಾಸಿ ಏನು ಮಾಡುತ್ತಾನೆಂಬುದನ್ನು ನೋಡಬೇಕು. ಅಲ್ಲಿಯೇ ಗಂಟು ಇರುವುದು. ಬಹುಮಾನದ ಆಸೆಗೆ ಆತ ಪಟ್ಟಿಯ ರೊಕ್ಕ ಹೆಚ್ಚಿಸುತ್ತಾನೆ. ಪರದೆ ಬಾಡಿಗೆಗೆ, ದೀಪ ಬಾಡಿಗೆಗೆ, ಹಾಡು ಬಾಡಿಗೆಗೆ, ಕೊನೆಗೆ ಖಳನಾಯಕನೂ ಬಾಡಿಗೆಗೆ. ಊರ ಹುಡುಗರ ಪಾಲಿಗೆ ಉಳಿಯುವುದು ರೊಕ್ಕ ಕೊಡುವ ಪಾರ್ಟು. ಗೆದ್ದದ್ದು ಊರಿನ ಹೆಸರು, ಆಡಿದವರು ಯಾರೋ. ಚಿತ್ರ ಬರೆಯಬಲ್ಲ ಮಾಸ್ತರರು ಊರಲ್ಲಿದ್ದರೂ ಅವರ ಕುಂಚಕ್ಕೆ ಕೆಲಸವಿಲ್ಲ. ಹಾಡಬಲ್ಲ ಹುಡುಗಿ ಇದ್ದರೂ ಆಕೆಗೆ ಮಂಟಪವಿಲ್ಲ.

ಇಳಕಲ್ಲ ಸೀರೆಯ ಉಪಮೆಯಿಂದ ಹೇಳಿದರೆ ನಮ್ಮ ಮನೆಗಳ ತಾಯಂದಿರಿಗೆ ಇದು ಬೇಗ ತಿಳಿದೀತು. ಆ ಸೀರೆಯ ಒಡಲು ಬೇರೆ, ಸೆರಗು ಬೇರೆ. ಹತ್ತಿಯ ಒಡಲಿಗೆ ರೇಷ್ಮೆಯ ಸೆರಗನ್ನು ಕೊಂಡಿ ಹಾಕಿ ಕೂಡಿಸುತ್ತಾರೆ. ಈ ಕೂಡಿಕೆ ಮೋಸವಲ್ಲ. ಅದೇ ಆ ಸೀರೆಯ ಚೆಲುವು. ಹಳ್ಳಿಯ ನಾಟಕದಲ್ಲಿಯೂ ಒಡಲು ಊರಿನದು, ಸೆರಗು ಕಂಪನಿಯದು ಆದರೆ ತಪ್ಪೇನಿಲ್ಲ. ಯಂತ್ರದ ಮಗ್ಗದ ಸೀರೆ ಮಾರುವುದೂ ತಪ್ಪಲ್ಲ. ಯಂತ್ರದ ಮಗ್ಗದ್ದನ್ನು ಕೈಮಗ್ಗದ್ದೆಂದು ಹೇಳಿ ಮಾರುವುದು ಮಾತ್ರ ತಪ್ಪು. 2007ರಲ್ಲಿ ಇಳಕಲ್ಲ ಸೀರೆಗೆ ಭೌಗೋಳಿಕ ಗುರುತಿನ ಮುದ್ರೆ ಬಂದದ್ದೂ ‘ಇದು ಎಲ್ಲಿಯದು, ಹೇಗೆ ಆದದ್ದು’ ಎಂಬ ಪ್ರಶ್ನೆಗೆ ನೆಟ್ಟಗೆ ಉತ್ತರ ಸಿಗಲೆಂದು. ನಾಟಕದ ಸ್ಪರ್ಧೆಯಲ್ಲಿಯೂ ಈ ಪ್ರಶ್ನೆ ಕೇಳಬೇಡವೆ?

ಹೊರಗಿನ ಲೋಕದಲ್ಲಿ ಈ ತೊಡಕನ್ನು ಹೇಗೆ ಬಿಡಿಸಿದ್ದಾರೆಂಬುದಕ್ಕೆ ಎರಡು ಉದಾಹರಣೆ ಕೊಡುತ್ತೇನೆ. ಒಂದು ಹಾಗೆ ಮಾಡಬಾರದೆಂಬುದಕ್ಕೆ, ಇನ್ನೊಂದು ಹೀಗೆ ಮಾಡಬಹುದೆಂಬುದಕ್ಕೆ.

ಇಂಗ್ಲೆಂಡಿನ ಕ್ರಿಕೆಟ್ಟಿನಲ್ಲಿ 1806ರಿಂದ 1962ರವರೆಗೆ ‘ಜಂಟಲ್‌ಮನ್’ರಿಗೂ ‘ಪ್ಲೇಯರ್’ರಿಗೂ ಪಂದ್ಯ ನಡೆಯುತ್ತಿತ್ತು. ಹಣ ಪಡೆಯದೆ ಆಡುವವರು ಜಂಟಲ್‌ಮನ್ನರು. ಸಂಬಳಕ್ಕೆ ಆಡುವವರು ಪ್ಲೇಯರರು. ಅಲ್ಲಿ ಗೆರೆ ಎಳೆದದ್ದು ಆಟದ ನಡುವೆ ಅಲ್ಲ, ಮನುಷ್ಯರ ನಡುವೆ. ಒಂದೇ ತಂಡಕ್ಕಾಗಿ ಆಡುವಾಗಲೂ ಉಡುಪು ಬದಲಿಸುವ ಕೋಣೆ ಬೇರೆ, ಅಂಗಳಕ್ಕೆ ಇಳಿಯುವ ಬಾಗಿಲು ಬೇರೆ ಇರುತ್ತಿದ್ದವು. ದುಡಿದು ಉಣ್ಣುವವನು ಕೀಳು ಎಂಬ ಭಾವನೆ ಅದರ ಒಳಗಿತ್ತು. ಆ ಭೇದವನ್ನೇ ತೆಗೆದುಹಾಕಿದ ಮೇಲೆ ಪಂದ್ಯವೂ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ನಮ್ಮಲ್ಲಿಯೂ ‘ಕಂಪನಿಯವರು’ ಎಂದು ಮೂಗು ಮುರಿಯುವವರಿದ್ದಾರೆ. ಅಂಥ ಗೆರೆ ನಮಗೆ ಬೇಡ.

ಎರಡನೆಯದು ಆಟಿಕೆಯಂತೆ ಕಾಣುವ, ಆದರೆ ಆಟಿಕೆಯಲ್ಲದ ಒಂದು ಹವ್ಯಾಸದ್ದು. ಅಮೆರಿಕದಲ್ಲಿ ಪುಟ್ಟ ರೈಲುಗಳ ಮಾದರಿ ಕಟ್ಟುವ ಹವ್ಯಾಸಿಗಳು 1935ರಲ್ಲಿ ತಮ್ಮದೊಂದು ರಾಷ್ಟ್ರೀಯ ಸಂಘ ಸ್ಥಾಪಿಸಿಕೊಂಡರು. ಎಂಜಿನ್ನು, ಡಬ್ಬಿ, ನಿಲ್ದಾಣ ಎಲ್ಲವನ್ನೂ ಅಳತೆ ತಪ್ಪದಂತೆ ಕಿರಿದಾಗಿ ಕಟ್ಟುವುದು ಅವರ ಆಸೆ. ಅಲ್ಲಿಯೂ ಇದೇ ತಂಟೆ. ಒಬ್ಬ ವರ್ಷವಿಡೀ ಕೂತು ತಾನೇ ಕೊರೆಯುತ್ತಾನೆ. ಇನ್ನೊಬ್ಬ ಕುಶಲಕರ್ಮಿಗಳಿಗೆ ರೊಕ್ಕ ಕೊಟ್ಟು ಮಾಡಿಸಿ ತರುತ್ತಾನೆ. ನೋಡುವವರಿಗೆ ಎರಡನೆಯದೇ ಚೆಂದ. ಆ ಸಂಘದವರು ಮಾದರಿಗಳನ್ನು ತೂಗುವಾಗ ಒಟ್ಟು 125 ಅಂಕ ಇಡುತ್ತಾರೆ: ಕಟ್ಟಿದ ರೀತಿಗೆ 40, ಸೂಕ್ಷ್ಮ ವಿವರಗಳಿಗೆ 20, ನಿಜವಾದ ರೈಲಿಗೆ ಒಪ್ಪುವ ಗುಣಕ್ಕೆ 25, ಬಣ್ಣ ಮತ್ತು ಅಕ್ಷರಕ್ಕೆ 25, ಉಳಿದ 15 ಅಂಕ ಸಿದ್ಧ ಭಾಗಗಳನ್ನು ಕೊಳ್ಳದೆ ಮೊದಲಿನಿಂದ ತಾನೇ ಮಾಡಿದ್ದಕ್ಕೆ. ಕೊಂಡು ತಂದ ಗಾಲಿ ಹಾಕಬಾರದೆಂದು ಅವರು ಹೇಳುವುದಿಲ್ಲ. ಹಾಕಿದ್ದರೆ ಹಾಕಿದೆನೆಂದು ಬರೆದುಕೊಡು, ನಿನ್ನ ಕೈಯ ಕೆಲಸಕ್ಕೆ ಬೇರೆ ಅಂಕ ಉಂಟು ಎನ್ನುತ್ತಾರೆ. ಆ ನೇಕಾರರ ಹುಡುಗನು ಕೇಳಿದ ಪ್ರಶ್ನೆಗೆ ಇಲ್ಲಿ ಅಂಕಪಟ್ಟಿಯಲ್ಲಿಯೇ ಜಾಗವಿದೆ.

ಹವ್ಯಾಸಿಯನ್ನು ಹೀಗೆ ಬೇರೆ ಇಟ್ಟು ಮುದ್ದು ಮಾಡಿದರೆ ಮಟ್ಟ ಇಳಿಯುವುದಿಲ್ಲವೆ, ಗಟ್ಟಿಗನ ಎದುರು ನಿಂತಲ್ಲದೆ ಕಸುವು ಬರುವುದೆ ಎಂದು ಕೆಲವರು ಕೇಳಬಹುದು. ಮಾತಿನಲ್ಲಿ ಹುರುಳಿದೆ. ಗರಡಿಯಲ್ಲಿಯೂ ಉಸ್ತಾದನ ಕೈಯಲ್ಲಿ ಬಿದ್ದೇ ಹುಡುಗ ಪೈಲವಾನನಾಗುತ್ತಾನೆ. ಆದರೆ ಆ ಬೀಳುವಿಕೆ ತಾಲೀಮಿನದು. ಜಾತ್ರೆಯ ಕುಸ್ತಿಯಲ್ಲಿ ಜೋಡಿ ನೋಡಿಯೇ ಬಿಡುತ್ತಾರೆ. ಇನ್ನು ಒಬ್ಬನ ಸ್ವಂತ ಗುಣವನ್ನೇ ಅಳೆಯುವ ಜಾಗದಲ್ಲಿ ಬೇರ್ಪಡಿಸುವ ಗೊಡವೆಯೇ ಬೇಡ. ಆಕಾಶವಾಣಿಯ ಸಂಗೀತದ ಧ್ವನಿಪರೀಕ್ಷೆಯಲ್ಲಿ ಹಾಡಿದವರು ಯಾರೆಂಬುದು ತೀರ್ಪುಗಾರರಿಗೆ ತಿಳಿಯದಂತೆ ಕೇಳಿಸುತ್ತಾರೆ. ಅಲ್ಲಿ ಕಂಠವನ್ನು ಬಾಡಿಗೆಗೆ ತರುವಂತಿಲ್ಲ. ನಾಟಕ ಹಾಗಲ್ಲ, ಅದು ಇಪ್ಪತ್ತು ಕೈ ಕೂಡಿ ಆದ ಕೆಲಸ. ಯಾವ ಕೈ ಯಾರದೆಂದು ಕೇಳದೆ ತೂಗಿದರೆ ತೂಕ ತಪ್ಪುತ್ತದೆ.

ಪೈಪೋಟಿಗೆ ಇನ್ನೊಂದು ಮಗ್ಗಲೂ ಉಂಟು. ನಾವು ಅದನ್ನು ಯೋಚಿಸುವುದು ಕಡಿಮೆ. ಊರ ಬದಿಗೆ ಒಂದು ಕಂಪನಿ ಥಿಯೇಟರು ಹಾಕಿ ಟಿಕೀಟಿನ ಆಟ ನಡೆಸುತ್ತಿರುತ್ತದೆ. ಅದೇ ವಾರ ಊರ ಹುಡುಗರು ಬಯಲಿನಲ್ಲಿ ಪುಕ್ಕಟೆ ನಾಟಕ ಇಡುತ್ತಾರೆ. ಜನ ಎತ್ತ ಹೋದಾರು? ಸಿನಿಮಾ, ಆಮೇಲೆ ದೂರದರ್ಶನ, ಈಗ ಅಂಗೈಯಲ್ಲಿನ ಫೋನು, ಇವೆಲ್ಲ ಕಂಪನಿಯ ಪ್ರೇಕ್ಷಕರನ್ನು ಒಬ್ಬೊಬ್ಬರನ್ನಾಗಿ ಕರೆದೊಯ್ದಿವೆ. ಉಳಿದವರನ್ನು ಕಲೆಯ ಮೇಲಿನ ಪ್ರೀತಿಯಿಂದಲೇ ನಾವು ಕರೆದೊಯ್ದರೆ ಆ ಪ್ರೀತಿಯ ಖರ್ಚನ್ನು ಕಂಪನಿಯ ಮಕ್ಕಳು ತೆರಬೇಕಾಗುತ್ತದೆ. ಹವ್ಯಾಸಿಗೆ ಒಂದು ರಾತ್ರಿ ಹಿಂದೆ ಮುಂದೆ ಆದರೆ ನಷ್ಟವಿಲ್ಲ. ಕಂಪನಿಗೆ ಒಂದು ರಾತ್ರಿಯ ಗಲ್ಲೆ ಎಂದರೆ ಎರಡು ದಿನದ ಅನ್ನ.

ಆದುದರಿಂದ ನನಗೆ ತೋಚಿದ್ದನ್ನು ಸರಳವಾಗಿ ಮುಂದಿಡುತ್ತೇನೆ. ಸ್ಪರ್ಧೆ ಇಡುವ ಪಂಚರು ಪ್ರತಿ ತಂಡದಿಂದಲೂ ಒಂದು ಚೀಟಿ ಬರೆಸಿಕೊಳ್ಳಲಿ: ಪರದೆ ಯಾರದು, ಪೇಟಿ ಯಾರದು, ಹೊರಗಿನ ಕಲಾವಿದರು ಎಷ್ಟು ಜನ. ಅದನ್ನು ಮಂಟಪದ ಮುಂದಿನ ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಲಿ. ಬಚ್ಚಿಡುವಂಥದು ಅದರಲ್ಲಿ ಏನೂ ಇಲ್ಲ. ಊರಿನ ಕೈಕೆಲಸಕ್ಕೆ, ಅಂದರೆ ಊರವರೇ ಬರೆದ ನಾಟಕ, ಊರವರೇ ಬಿಡಿಸಿದ ಪರದೆ, ಊರ ಹೆಣ್ಣುಮಕ್ಕಳು ಮಾಡಿದ ಪಾತ್ರ, ಇವಕ್ಕೆ ಬೇರೆ ಅಂಕಗಳಿರಲಿ. ಸಂಭಾವನೆ ಪಡೆದು ಬಂದ ಕಲಾವಿದರನ್ನು ಊರಿನ ಪದಕಕ್ಕೆ ನಿಲ್ಲಿಸದೆ, ಗೌರವದ ಶಾಲು ಹೊದಿಸಿ, ಒಪ್ಪಿದ ರೊಕ್ಕವನ್ನು ಆ ರಾತ್ರಿಯೇ ಕೈಯಲ್ಲಿಡಲಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಂದೇ ರಾತ್ರಿಗೆಂದು ಕರೆಸುವ ಬದಲು ಅವರನ್ನು ಎಂಟು ದಿನ ಮೊದಲೇ, ದಿನಕ್ಕಿಷ್ಟೆಂದು ಕೊಟ್ಟು, ತಾಲೀಮಿಗೆ ಕರೆಸಲಿ. ಆ ನೂರು ರಾತ್ರಿಗಳ ವಿದ್ಯೆ ಅಂಗನವಾಡಿಯ ಹುಡುಗಿಗೆ ದಾಟಲಿ. ಕಲಾವಿದೆಗೆ ಒಂದು ದಿನದ ಬದಲು ಎಂಟು ದಿನದ ದುಡಿಮೆ ಸಿಕ್ಕೀತು; ಊರಿಗೆ ಸದಾಕಾಲದ ನಟಿಯೊಬ್ಬಳು ಸಿಕ್ಕಾಳು. ಬಾಡಿಗೆಯ ಪರದೆಗೆ ಕೊಡುವ ರೊಕ್ಕದಲ್ಲಿ ಒಂದಂಶ ಇದಕ್ಕೆ ಸಾಕು. ಬದಿಯಲ್ಲಿ ಕಂಪನಿ ಮುಕ್ಕಾಮು ಮಾಡಿದ್ದರೆ ಅದರ ಮಾಲಕರನ್ನು ಕೇಳಿ ನಮ್ಮ ನಾಟಕದ ದಿನ ಗೊತ್ತುಮಾಡುವುದು ಮಾತ್ರ ಮರೆಯಬಾರದು.

ಪಂದ್ಯವೇ ಬೇಡವೆ ಎಂದು ಕೇಳಿದರೆ, ಬೇಕು. ಕಂಪನಿಗೂ ಕಂಪನಿಗೂ ಪಂದ್ಯ ಬನಶಂಕರಿಯಲ್ಲಿ ವರ್ಷವೂ ನಡೆಯುತ್ತದೆ. ಅಲ್ಲಿ ಪರೀಕ್ಷಕರು ಟಿಕೀಟು ಕೊಂಡ ಜನ. ಊರಿಗೂ ಊರಿಗೂ ಪಂದ್ಯ ನಮ್ಮ ಜಾತ್ರೆಗಳಲ್ಲಿ ನಡೆಯಲಿ. ಹವ್ಯಾಸಿಗೂ ಕಂಪನಿಗೂ ಇರಬೇಕಾದದ್ದು ಪಂದ್ಯವಲ್ಲ, ಪಾಠ.

ಆ ತೀರ್ಪನ್ನು ಈಗ ತಿದ್ದಲು ಬರುವಂತಿಲ್ಲ. ಪದಕ ಹೋದ ಮನೆಗೆ ಹೋಯಿತು. ಪಡೆದ ಆ ತಾಯಿಯದೂ ಅದರಲ್ಲಿ ತಪ್ಪಿಲ್ಲ. ಆದರೆ ಆಮೇಲೆ ಯಾರೇ ಪರೀಕ್ಷೆಗೆ ಕರೆದರೂ ನಾನು ಮೊದಲು ಮಂಟಪದ ಹಿಂದೆ ಹೋಗಿ, ಪರದೆಯನ್ನು ಮುಟ್ಟಿ ನೋಡಿ, ‘ಇದನ್ನು ಬರೆದವರು ಯಾರಪ್ಪ?’ ಎಂದು ಕೇಳುತ್ತೇನೆ. ಉತ್ತರ ಕೇಳಿದ ಮೇಲೆಯೇ ಕುರ್ಚಿಯಲ್ಲಿ ಕೂಡುವುದು.